ಸಾವಿತ್ರಿ ಅಂತ ಹೆಸರಿಟ್ರೆ ಮುದ್ದಿಗೆ ಏನಂತ ಕರೆಯೋದು?

ಹೊಸ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಹುಟ್ಟಿ ಇಪ್ಪತ್ತು ದಿನ ಆಯ್ತು. ಹನ್ನೆರಡನೇ ದಿನ ಆಗಬೇಕಿದ್ದ ನಾಮಕರಣ ಅತ್ತೆಗೆ ಜ್ವರ ಬಂದು ಮುಂದಕ್ಕೆ ಹೋಯ್ತು, ಈಗ ಬರೋ ಗುರುವಾರ ಅಂತ ಗೊತ್ತಾಗಿದೆ. ಹೆಸರು ಸಾವಿತ್ರಿ. ನನ್ನ ಅಪ್ಪನ ಅಮ್ಮನ ಹೆಸರು ಅದು. ನಂಗೆ ಜಡೆ ಹಾಕಿ, ಮಗ್ಗಿ ಹೇಳಿಸಿ, ಕೋಡುಬಳೆ ಕೊಟ್ಟು ಬೆಳೆಸಿದ್ದು ಆ ಅಜ್ಜಿಯೇ. ಎರಡು ವರ್ಷದ ಹಿಂದೆ ಹೋದ್ರು. ನಮ್ಮ ಯಜಮಾನರೂ ಖುಷಿಯಿಂದ ಒಪ್ಪಿದ್ದಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿ ಇಡೋ ಎರಡಕ್ಷರದ ಹೆಸರು ಬೇಡವೇ ಬೇಡ ಅಂತ ಇಬ್ಬರಿಗೂ ಇತ್ತು.

ತೊಡಕು ಬಂದಿದ್ದು ನಿನ್ನೆ. ಅತ್ತೆ ಮಗೂನ ಕಾಲ ಮೇಲೆ ಮಲಗಿಸ್ಕೊಂಡು ಎಣ್ಣೆ ಹಚ್ತಾ ಇದ್ರು. "ಹೆಸರೇನೋ ಲಕ್ಷಣವಾಗಿದೆ ಕಣಮ್ಮ. ಆದ್ರೆ ಅಷ್ಟುದ್ದ ದಿನಾ ಯಾರು ಕರೀತಾರೆ? ಪದ್ಮಾವತಿ ಪದ್ದು ಆಗ್ತಾಳೆ. ಶಾರದೆ ಶಾರು. ಪಾರ್ವತಿ ಪಾರು. ಹಂಗೇ ಇವಳು ಸಾ..." ಅಂದವರು ಅಲ್ಲಿಗೇ ನಿಲ್ಲಿಸಿ ಬಾಯಿಗೆ ಕೈ ಅಡ್ಡ ಇಟ್ರು. ಕೈಯೆಲ್ಲ ಎಣ್ಣೆ, ಮೂಗಿನಿಂದ ಗಲ್ಲದವರೆಗೂ ಮೆತ್ಕೊಂಡ್ತು. ಬೇರೆ ದಿನ ಆಗಿದ್ರೆ ನಾನು ನಗ್ತಿದ್ದೆ.

ಆವಾಗಿಂದ ನನ್ನ ತಲೇಲಿ ಅದೇ ಪದ ಕೂತುಬಿಟ್ಟಿದೆ. ಸಾವಿತ್ರಿ ಅಂತ ಹೆಸರಿರೋರು, ಆ ಹೆಸರಿನ ಅಕ್ಕ-ತಂಗಿ, ಅತ್ತೆ-ಚಿಕ್ಕಮ್ಮ ಇರೋರು, ನಿಮ್ಮ ಮನೇಲಿ ಏನಂತ ಕರೀತೀರಿ ಹೇಳಿ. ಹೆಸರೇ ಬದಲಾಯಿಸಿ ಅಂತ ಮಾತ್ರ ಹೇಳಬೇಡಿ.

ಮಂಡ್ಯದ ಬೆಲ್ಲ:
ಇದಕ್ಕೆಲ್ಲ ತಲೆ ಕೆಡಿಸ್ಕತಾರಾ ಕಣಕ್ಕ? ನಮ್ ದೊಡ್ಡಮ್ಮನ ಹೆಸ್ರು ಸಾವಿತ್ರಮ್ಮ. ಊರೋರ್ಗೆಲ್ಲ ಸಾವಿತ್ರಮ್ಮ, ಅವ್ರ ಅವ್ವಂಗೆ ಮಾತ್ರ ಕೊನೇಗಂಟ 'ಮಗ'. ನಮ್ ಕಡೆ ಹೆಣ್ಣಾದ್ರೂ ಮಗಾನೇ, ಗಂಡಾದ್ರೂ ಮಗಾನೇ. "ಬಾ ಮಗ, ಉಣ್ಣು ಮಗ." ಮುಗೀತು.

ಫೇಡೆ ಪ್ರಿಯೆ, ಧಾರವಾಡ:
ನಮ್ಮ ಕಡೆ ಸಾವಿತ್ರಿ ಅಂತ ಸುದ್ದ ಕರಿಯಾವ್ರು ಸಾಲಿ ಮಾಸ್ತರ ಒಬ್ರ. ಮನ್ಯಾಗ ಸಾವಂತ್ರಿ, ವಯಸ್ಸಾದ ಮ್ಯಾಲೆ ಸಾವಂತ್ರೆವ್ವ, ಓಣಿ ಮಂದಿಗೆ ಸಾವಕ್ಕ. ನಮ್ಮ ಸಣ್ಣ ಅತ್ತಿಗೆ ಎಲ್ಲಾರೂ ಸಾವಿ ಅಂತಿದ್ರು. ಸಾವಿ ಅಂದ್ರ ನಮಗ ಮೊದಲ ನೆನಪಾಗೂದು ಕಾಳು. ನವಣಿ, ಸಾವಿ, ಬರಗ ಅಂತೀವಲ್ಲಾ, ಆ ಸಾವಿ. ನೀವು ಸಾಮೆ ಅಂತೀರಿ. ನಮ್ಮಪ್ಪ ತಂಗೀನ್ನ ಕಾಡಸ್ತಿದ್ದಾ: "ಸಾವಿ, ನಿನ್ನ ಕುಟ್ಟಿ, ಕೇರಿ, ಅನ್ನಾ ಮಾಡಬೇಕ ನೋಡ." ಈಗ ಸಿರಿಧಾನ್ಯ ಅಂತ ಚಂದನ ಪಾಕೀಟಿನ್ಯಾಗ ಹಾಕಿ ಮಾರಾಕತ್ತಾರ. ಅತ್ತಿ ಅಂಗಡ್ಯಾಗ ರೇಟ್ ನೋಡಿ ಅಪ್ಪಗ ಫೋನ್ ಹಚ್ಚಿ ಹೇಳಿದ್ಲು: "ಅಣ್ಣಾ, ಆವಾಗ ಬಡವರ ಕೂಳು ಅಂತ ನಗತಿದ್ದಿ, ಈಗ ನನ್ನ ಬೆಲಿ ನೋಡ."

ಸಾವಿ ಅನ್ರಿ. ಯಾರರ ಕೇಳಿದ್ರ ಸಾವಕ್ಕಿ ಪಾಯಸಾ ಮಾಡಿ ಬಡಸ್ರಿ.

ವ್ಯಾಕರಣದ ಮೇಷ್ಟ್ರು:
ನಿಮ್ಮ ಅತ್ತೆಯವರ ಕಿವಿ ಬಹಳ ಚುರುಕು. ಅವರು ವ್ಯಾಕರಣ ಓದದೇ ಇರಬಹುದು, ಆದರೆ ನಿಯಮವನ್ನು ಸರಿಯಾಗಿಯೇ ಹಿಡಿದಿದ್ದಾರೆ. ಕನ್ನಡದಲ್ಲಿ ಮುದ್ದಿನ ಹೆಸರು ಹೇಗೆಂದರೆ ಹಾಗೆ ಹುಟ್ಟುವುದಿಲ್ಲ. ಹೆಸರಿನ ತಲೆ ಮಾತ್ರ ಉಳಿಸಿಕೊಂಡು, ಬಾಲ ಕತ್ತರಿಸಿ, ಕೊನೆಗೆ ಒಂದು 'ಉ' ಅಥವಾ 'ಇ' ಅಂಟಿಸುತ್ತೇವೆ. ಮೊದಲಕ್ಷರ ಹ್ರಸ್ವವಾದರೆ ಅದರ ಮುಂದಿನ ವ್ಯಂಜನ ಸಾಮಾನ್ಯವಾಗಿ ಒತ್ತಾಗುತ್ತದೆ: ಪದ್ಮಾವತಿ ಪದ್ದು, ಲಕ್ಷ್ಮಿ ಲಚ್ಚಿ, ಕೃಷ್ಣ ಕಿಟ್ಟಿ. ಮೊದಲಕ್ಷರ ದೀರ್ಘವಾದರೆ ಒತ್ತು ಬೇಕಿಲ್ಲ: ಶಾರದೆ ಶಾರು, ಜಾನಕಿ ಜಾನು, ಹೇಮಾವತಿ ಹೇಮು. ಇದೇ ದಾರಿಯಲ್ಲಿ ನಡೆದರೆ ಸಾವಿತ್ರಿ ಎಲ್ಲಿಗೆ ಹೋಗಿ ನಿಲ್ಲುತ್ತಾಳೆ ಎನ್ನುವುದು ಗೊತ್ತೇ ಇದೆ.

ಆದರೆ ಇದೇ ನಿಯಮ ಮೀನಾಕ್ಷಿಯನ್ನು 'ಮೀನು' ಮಾಡುತ್ತದೆ, ಕಾವೇರಿಯನ್ನು 'ಕಾವು' ಮಾಡುತ್ತದೆ. "ಮೀನು ಬಾರೇ" ಎಂದು ಕರೆದಾಗ ಯಾರೂ ಮಸಾಲೆ ಅರೆಯಲು ಹೋಗುವುದಿಲ್ಲ.

ಇನ್ನೊಂದು ಸೂಕ್ಷ್ಮ. 'ಉ'ದಲ್ಲಿ ಮುಗಿದರೆ ಬರೀ ಮುದ್ದು. 'ಇ'ಯಲ್ಲಿ ಮುಗಿದರೆ ಸಲಿಗೆ, ಒಮ್ಮೊಮ್ಮೆ ತಾತ್ಸಾರ. ಹಳ್ಳಿಯಲ್ಲಿ ಉಳ್ಳವರ ಮನೆಯ ಹೆಂಗಸು ನಿಂಗಮ್ಮ, ಅವರ ಹೊಲದಲ್ಲಿ ಕಳೆ ಕೀಳುವವಳು ನಿಂಗಿ. ಹೆಸರು ಒಂದೇ. ಬಾಲದಲ್ಲಿ ಜಾತಿ, ಜಮೀನು ಎಲ್ಲ ತೂಗಾಡುತ್ತಿತ್ತು. 'ಸಾವಿ' ಎನ್ನುವ ಮೊದಲು ನಿಮ್ಮ ಊರಿನ ಹಿರಿಯರ ಕಿವಿಗೆ ಅದು ಹೇಗೆ ಕೇಳುತ್ತದೆ ಎಂದು ವಿಚಾರಿಸಿ.

ಹೊಸ ಅಮ್ಮ:
ಮೇಷ್ಟ್ರೇ, ನಿಯಮ ಅರ್ಥ ಆಯ್ತು. ಭಯ ಕಡಿಮೆ ಆಗಲಿಲ್ಲ. ಮೀನು, ಕಾವು ಸರಿ. ಆದ್ರೆ "ಸಾವು ಎದ್ಳಾ? ಸಾವು ಹಾಲು ಕುಡೀತಾ?" ಅಂತ ಅಂದ್ಕೊಂಡು ನೋಡಿ.

ಸಾಗರದವಳು:
ಅಂದ್ಕೊಂಡು ನೋಡೋದೇನು, ನಮ್ಮನೇಲಿ ನಡೆದೇಹೋಗಿದೆ. ಚಿಕ್ಕಪ್ಪನ ಮಗಳು ಸಾವಿತ್ರಿ, ಸಣ್ಣೋಳಿದ್ದಾಗಿಂದ ಎಲ್ಲರ ಬಾಯಲ್ಲೂ ಸಾವು. ಬಾಯಲ್ಲಿ ಹೇಳೋವಾಗ ಒಂಚೂರು ಎಳೀತೀವಿ, 'ಸಾವೂ' ಅಂತ, ಹಂಗಾಗಿ ಯಾರಿಗೂ ಏನೂ ಅನ್ನಿಸಿರಲಿಲ್ಲ. ಅವಳು ಮದುವೆ ಆಗಿ ಅಮೆರಿಕಕ್ಕೆ ಹೋಗಿ ನಾಲ್ಕು ವರ್ಷದ ಮೇಲೆ ಮೊದಲ ಸಲ ಬರ್ತಾ ಇದ್ಲು. ಚಿಕ್ಕಪ್ಪ ಆಗಷ್ಟೇ ಮೊಬೈಲಲ್ಲಿ ಕನ್ನಡ ಟೈಪ್ ಮಾಡೋದು ಕಲ್ತಿದ್ರು. ಮನೆಯವರ ವಾಟ್ಸಾಪ್ ಗುಂಪಿಗೆ ರಾತ್ರಿ ಹನ್ನೊಂದಕ್ಕೆ ಹಾಕಿದ್ರು: "ಸಾವು ಬೆಳಗಿನ ಜಾವ 4ಕ್ಕೆ. ಎಲ್ಲರೂ ಮಧ್ಯಾಹ್ನದೊಳಗೆ ಬನ್ನಿ. ಊಟ ಇಲ್ಲೇ." ಹಾಕಿ ಮಲಗಿಬಿಟ್ರು.

ನಮ್ಮನೇಲಿ ತೊಂಬತ್ತು ದಾಟಿದ ಅಜ್ಜಿ ಇದ್ರು. ಬೆಳಗಾಗೋದ್ರೊಳಗೆ ಶಿರಸಿಯಿಂದ, ಶಿವಮೊಗ್ಗದಿಂದ, ಭದ್ರಾವತಿಯಿಂದ ಜನ ಹೊರಟಾಗಿತ್ತು. 4ಕ್ಕೆ ಅಂತ ರಾತ್ರಿ 11ಕ್ಕೇ ಹೆಂಗೆ ಗೊತ್ತಾಯ್ತು ಅಂತ ಒಬ್ರಿಗೂ ಹೊಳೀಲಿಲ್ಲ ನೋಡಿ! ಭದ್ರಾವತಿ ಮಾವ ದೊಡ್ಡ ಸುಗಂಧರಾಜ ಹಾರ ಹಿಡ್ಕೊಂಡು ಅಂಗಳಕ್ಕೆ ಬಂದ್ರೆ ಅಜ್ಜಿ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ತಾ ಇದಾರೆ. "ಯಾರಿಗೋ ಹಾರ?" ಅಂದ್ರು. ಮಾವ ಎರಡು ನಿಮಿಷ ಸುಮ್ಮನೆ ನಿಂತು, "ಸಾವಿತ್ರಿ ಅಮೆರಿಕದಿಂದ ಬರ್ತಾ ಇದಾಳಲ್ಲ ಅತ್ತೆ, ಅವಳಿಗೆ" ಅಂದ್ರು. ಅವಳಿಗೆ ಆ ಹಾರ ಹಾಕಿ ಫೋಟೋನೂ ತೆಗ್ದಿದೀವಿ.

ಅದಾದ ಮೇಲೆ ಬರಿಯೋವಾಗ ಪೂರ್ತಿ ಸಾವಿತ್ರಿ ಅಂತ ಬರೀತೀವಿ. ಕರೆಯೋವಾಗ ಇವತ್ತಿಗೂ ಸಾವೂನೇ.

ವಾದಕ್ಕೆ ಇಳಿದವ:
ಒಂದು ಪ್ರಶ್ನೆ. ಕನ್ನಡದಲ್ಲಿ 'ಸಾಯಿ' ಅಂದ್ರೆ ಏನು? "ಹೋಗಿ ಸಾಯಿ" ಅಂತೀವಲ್ಲ, ಅದೇ. ಆದ್ರೂ ನಮ್ಮ ಬೀದೀಲಿ ಸಾಯಿಕೃಷ್ಣ, ಸಾಯಿಪ್ರಸಾದ, ಸಾಯಿಸುಮ ಎಲ್ಲ ಇದಾರೆ. "ಸಾಯಿ, ಊಟಕ್ಕೆ ಬಾ" ಅಂತ ತಾಯಂದಿರು ಟೆರೇಸಿಂದ ಕೂಗ್ತಾರೆ, ಯಾರೂ ಬೆಚ್ಚಿಬೀಳಲ್ಲ. ಯಾಕೆ? ಭಕ್ತಿ ಇದೆ, ಅಭ್ಯಾಸ ಆಗಿದೆ. ಹತ್ತು ದಿನ ಕರೆದ್ರೆ ಅದು ಪದ ಅಲ್ಲ, ಮಗು.

ಸಾಗರದವಳು:
ಟೆರೇಸಿನ ತಾಯಿ ಸಿಟ್ಟು ಬಂದಾಗ ಕೂಗೋದನ್ನೂ ಒಂದ್ಸಲ ಕೇಳಿ. ಆವಾಗ ಎರಡೂ ಅರ್ಥ ಬರುತ್ತೆ.

ಗಡಿನಾಡ ಹೆಣ್ಮಗಳು, ಬೆಳಗಾವಿ:
ನಮ್ಮ ಮನ್ಯಾಗ ಕನ್ನಡ, ಮಗ್ಗಲ ಮನ್ಯಾಗ ಮರಾಠಿ. ಅವ್ರ ಪೈಕಿ ಸಾವಿತ್ರಿಗೆ 'ಸಾಊ' ಅಂತ ಕರಿಯೋದು ಭಾಳ ಪ್ರೀತೀದು. ಸಾವಿತ್ರಿಬಾಯಿ ಫುಲೆ ಅವರನ್ನೂ ಹಂಗ ಸಾಊ ಅಂತ ಕರದು ಹಾಡ ಹಾಡ್ತಾರ. ಮರಾಠಿಯೊಳಗ ಸಾವಿಗೆ ಬ್ಯಾರೆ ಶಬ್ದ ಅದ, ಹಂಗಾಗಿ ಅವರಿಗೆ ಈ ತ್ರಾಸ ಇಲ್ಲ. ನಾನು ಸಣ್ಣಾಕಿ ಇದ್ದಾಗ ಮಗ್ಗಲ ಮನಿ ಕಾಕು "ಸಾಊ, ಸಾಊ" ಅಂತ ಮಗಳನ್ನ ಒದರಿದ್ರ ನಮ್ಮಜ್ಜಿ "ರಾಮ ರಾಮ, ಸಂಜೀ ಹೊತ್ತಿನ್ಯಾಗ" ಅಂತ ಕಿವಿ ಮುಚ್ಕೋತಿದ್ಲು.

ನಿಮ್ಮ ಅತ್ತಿಯವರಿಗೆ ಸಾವಿತ್ರಿಬಾಯಿ ಕತಿ ಹೇಳ್ರಿ. 1831ರ ಜನವರಿ 3ಕ್ಕ ಸಾತಾರಾ ಕಡೆ ನಾಯಗಾಂವದಾಗ ಹುಟ್ಟಿದ್ರು. 1848ರಾಗ ಪುಣೆಯೊಳಗ ಹೆಣ್ಮಕ್ಕಳ ಸಾಲಿ ಶುರು ಆದಾಗ ಅವರಿಗಿನ್ನೂ ಹದಿನೇಳು. ಸಾಲಿಗೆ ಹೊಂಟ್ರ ಮಂದಿ ಸಗಣಿ, ಕೆಸರು ಒಗೀತಿದ್ರಂತ, ಅದಕ್ಕ ಚೀಲದಾಗ ಇನ್ನೊಂದು ಸೀರಿ ಇಟಗೊಂಡು ಹೋಗ್ತಿದ್ರಂತ. 1897ರಾಗ ಪ್ಲೇಗ್ ಬಂದಾಗ ರೋಗದವರ ಸೇವಾ ಮಾಡಕೋತನ ಅವರಿಗೂ ಅದು ಹತ್ತಿ ತೀರಿಕೊಂಡ್ರು. ಗಂಡನ ಜೀವಾ ತರಾಕ ಯಮನ ಬೆನ್ನ ಹತ್ತಿದ ಸಾವಿತ್ರಿ ಒಬ್ಬಾಕಿ, ಮಂದಿ ಜೀವಾ ಉಳಸಾಕ ಪ್ಲೇಗಿನ್ಯಾಗ ಇಳದ ಸಾವಿತ್ರಿ ಇನ್ನೊಬ್ಬಾಕಿ. ಎರಡನೇ ಸಾವಿತ್ರಿ ಸಲುವಾಗಿ ಹೆಸರ ಇಡ್ರಿ ಅಂತೀನಿ ನಾ.

ಸಂಸ್ಕೃತ ಪ್ರೇಮಿ:
ಮೂಲಾರ್ಥ ತಿಳಿದರೆ ಈ ಗೊಂದಲವೇ ಇರುವುದಿಲ್ಲ. ಸವಿತೃ ಎಂದರೆ ಸೂರ್ಯ, ಪ್ರೇರೇಪಿಸುವವನು. ಅವನಿಗೆ ಸಂಬಂಧಿಸಿದವಳು ಸಾವಿತ್ರಿ. ಋಗ್ವೇದದ ಮೂರನೆಯ ಮಂಡಲದ 62ನೇ ಸೂಕ್ತದ ಹತ್ತನೇ ಮಂತ್ರ, ನಾವೆಲ್ಲ ಗಾಯತ್ರಿ ಎಂದು ಜಪಿಸುವುದು, ಅದಕ್ಕೂ ಸಾವಿತ್ರಿ ಎಂದೇ ಹೆಸರು. ಗಾಯತ್ರಿ ಎನ್ನುವುದು ಛಂದಸ್ಸು, ದೇವತೆ ಸವಿತೃ. ಮಹಾಭಾರತದ ವನಪರ್ವದಲ್ಲಿ ಮದ್ರದೇಶದ ಅಶ್ವಪತಿ ಹದಿನೆಂಟು ವರ್ಷ ಸಾವಿತ್ರೀದೇವಿಯನ್ನು ಆರಾಧಿಸಿ ಮಗಳನ್ನು ಪಡೆದ, ದೇವಿಯ ಹೆಸರನ್ನೇ ಇಟ್ಟ. ಇಂಥ ಹೆಸರನ್ನು ಕತ್ತರಿಸುವುದೇ ತಪ್ಪು. ಪೂರ್ತಿ ಕರೆಯಿರಿ.

ಮಂಡ್ಯದ ಬೆಲ್ಲ:
ಸರಿ ಸ್ವಾಮಿ. ಮಗ ಗೋಡೆ ಮೇಲೆ ಹತ್ತಿ ನಿಂತಿರ್ತದೆ, ಬೀಳೋ ಹೊತ್ಗೆ ಛಂದಸ್ಸು ಹಿಡ್ಕಂಡು ಕೂಗೂಮಾ.

ಸಂಸ್ಕೃತ ಪ್ರೇಮಿ:
ನನ್ನ ಮಗಳ ಹೆಸರು ವೈದೇಹಿ. ಮನೆಯಲ್ಲಿ 'ಬುಡ್ಡಿ' ಎನ್ನುತ್ತೇವೆ. ಅದು ಬೇರೆ ವಿಷಯ.

ಪುತ್ತೂರಿನ ಅಕ್ಕ:
ಎಂತ ಮಾರಾಯ್ರೆ, ನಮ್ಮಲ್ಲಿ ಇದೊಂದು ದೊಡ್ಡ ಸಂಗತಿಯೇ ಅಲ್ಲ. ಐದು ವರ್ಷದ ಮಗು ಇದ್ದರೂ ಸಾವಿತ್ರಕ್ಕ. ಒಂದು 'ಅಕ್ಕ' ಸೇರಿಸಿದರೆ ಆಯಿತು, ಮರ್ಯಾದೆಯೂ ಉಂಟು, ಮುದ್ದೂ ಉಂಟು.

ಹಲಸೂರಿನವ:
ನಮ್ಮ ಮನೇಲಿ ಮಾತಾಡೋದು ತಮಿಳು, ಓದಿದ್ದು ಕನ್ನಡ. ನಮ್ಮಲ್ಲೂ ಸಾವು ಅಂದ್ರೆ ಅದೇ. ಸಾವಿ ಅಂದ್ರೆ ಮಾತ್ರ ಬೀಗದ ಕೈ. ನಮ್ಮ ಪಕ್ಕದ್ಮನೆ ಸಾವಿ ಬೆಳಗ್ಗೆ ಕೆಲಸಕ್ಕೆ ಹೊರಟ್ರೆ ನಮ್ಮಪ್ಪ ದಿನಾ ಒಂದೇ ಜೋಕು: "ಸಾವಿ ಹೊರಗೆ ಹೋಯ್ತು, ಮನೆ ಬೀಗ ಯಾರು ತೆಗೀತಾರೆ?" ಇಪ್ಪತ್ತು ವರ್ಷ ಅದೇ ಜೋಕು ಸಾರ್.

ಎಡಿಸನ್ ಕನ್ನಡತಿ:
ನ್ಯೂಜೆರ್ಸಿಯಿಂದ. ನನ್ನ ದೊಡ್ಡ ಮಗಳು ಸಾವಿತ್ರಿ, ಹನ್ನೊಂದು ವರ್ಷ. ಇಲ್ಲಿನ ಮಕ್ಕಳು ಮೊದಲ ದಿನವೇ 'ಸ್ಯಾವಿ' ಮಾಡಿದ್ರು. ಇಂಗ್ಲಿಷಲ್ಲಿ ಅದಕ್ಕೆ ಚುರುಕು ಬುದ್ಧಿಯವಳು ಅಂತ ಅರ್ಥ, ಹಂಗಾಗಿ ಅವಳಿಗೆ ಭಾರೀ ಜಂಬ. ಸಮಸ್ಯೆ ಬೇರೆ ಕಡೆ. ನಾವು ರೂಢಿಯಂತೆ 'ಟಿ' ಪಕ್ಕ 'ಎಚ್' ಹಾಕಿ ಬರೆದ್ವಿ. ಟೀಚರ್ ಅದನ್ನ ನೋಡಿ ನಾಲಿಗೆ ಹಲ್ಲಿನ ಮಧ್ಯ ಇಟ್ಟು 'ಸವಿಥ್‌ರಿ' ಅಂತಾರೆ. 'ಎಚ್' ಬಿಟ್ಟಿದ್ರೆ 'ಟ' ಅಂತಿದ್ರು. ಎರಡೂ ಕಷ್ಟವೇ. ಇಂಡಿಯಾದಲ್ಲೇ ಇರ್ತೀರಾದ್ರೆ ಒಂದು ಸ್ಪೆಲಿಂಗ್ ಗಟ್ಟಿ ಮಾಡಿ, ಎಲ್ಲ ಕಡೆ ಅದನ್ನೇ ಬರೆಸಿ. ನನ್ನ ತಂಗಿಯ ಅಂಕಪಟ್ಟಿಯಲ್ಲಿ 'ಎಚ್' ಇದೆ, ಪಾಸ್‌ಪೋರ್ಟಲ್ಲಿ ಇಲ್ಲ. ಆ ಒಂದಕ್ಷರಕ್ಕೆ ಅಫಿಡವಿಟ್ ಮಾಡಿಸಿದೀವಿ.

ನಿವೃತ್ತ ಗುಮಾಸ್ತ:
ಮೇಲಿನ ಮಾತಿಗೆ ಪೂರಕವಾಗಿ. ಗುರುವಾರದೊಳಗೆ ಎಲ್ಲ ನಿರ್ಧಾರ ಆಗಬೇಕು ಅಂತೇನಿಲ್ಲ ತಾಯಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಲು ಅವಕಾಶವಿದೆ. ನಿಮ್ಮದು ಇಪ್ಪತ್ತು ದಿನ ಆಗಿದೆ ಅಂದಿರಿ. ಆಸ್ಪತ್ರೆಯಲ್ಲೇ ಹೆರಿಗೆ ಆಗಿದ್ದರೆ ಅವರೇ ವರದಿ ಕಳಿಸಿರುತ್ತಾರೆ, ಆದರೂ ಒಮ್ಮೆ ಕೇಳಿಕೊಳ್ಳಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಏನು ಬರೆಸುತ್ತೀರೋ ಅದು ಹಿಂದೆ ಬಿದ್ದಿರುತ್ತದೆ. ಕರೆಯುವ ಹೆಸರನ್ನು ಯಾವ ಕಾರಣಕ್ಕೂ ಅದರಲ್ಲಿ ಸೇರಿಸಬೇಡಿ. 'ಪುಟ್ಟಿ ಅಲಿಯಾಸ್' ಅಂತ ಬರೆಸಿಕೊಂಡು ಹೋಗಿ, ಇಪ್ಪತ್ತು ವರ್ಷದ ಮೇಲೆ ಅದನ್ನು ತೆಗೆಸಲು ಬಂದವರನ್ನು ನಾನು ನೋಡಿದ್ದೇನೆ.

ನಾನೂ ಸಾವಿತ್ರಿ:
ಇಷ್ಟು ಹೊತ್ತು ಓದ್ತಾ ಕೂತಿದ್ದೆ. ನನಗೀಗ 61. ಹೆಸರಿನ ಹಕ್ಕುದಾರಳಾಗಿ ನಾಲ್ಕು ಮಾತು.

ನನ್ನನ್ನ ಸಾವು ಅಂತ ಒಬ್ಬರೂ ಕರೀಲಿಲ್ಲ. ನನ್ನ ತಮ್ಮನಿಗೆ ಎರಡು ವರ್ಷ ಇದ್ದಾಗ 'ಸಾವಿತ್ರಿ' ತಿರುಗ್ತಿರಲಿಲ್ಲ, 'ತಾತಿ' ಅಂತಿದ್ದ. ಅಪ್ಪ ಹಿಡ್ಕೊಂಡ್ರು, ಅಮ್ಮ ಹಿಡ್ಕೊಂಡ್ರು, ಹಾಲಿನವನು ಹಿಡ್ಕೊಂಡ. ಈಗ ನನ್ನ ಮೊಮ್ಮಕ್ಕಳಿಗೆ ನಾನು ತಾತಿ ಅಜ್ಜಿ. ಅವುಗಳ ಫ್ರೆಂಡ್ಸು "ಅದೇನು, ತಾತನೋ ಅಜ್ಜಿಯೋ?" ಅಂತ ಕೇಳ್ತಾರೆ. ನೀವು ಎಷ್ಟೇ ಚರ್ಚೆ ಮಾಡಿ, ಆ ಮಗುವಿಗೆ ತಮ್ಮನೋ ತಂಗಿಯೋ ಹುಟ್ಟಿ ಮಾತು ಕಲಿಯೋವರೆಗೂ ನಿಜವಾದ ಹೆಸರು ಬರೋದಿಲ್ಲ.

ಶಾರ್ಟ್ ಫಾರ್ಮಿನ ಕಾಟ ನನಗಿರಲಿಲ್ಲ. ಪೂರ್ತಿ ಹೆಸರಿನದೇ ಕಾಟ. ಹೈಸ್ಕೂಲಲ್ಲಿ "ಸತ್ಯವಾನ ಎಲ್ಲಿ?" ಕೆಲಸಕ್ಕೆ ಸೇರಿದ ಮೇಲೆ, ಗಂಡಸರ ಜೊತೆ ನಗ್ತಾ ಮಾತಾಡಿದ್ರೂ ತಪ್ಪು, ಆಡದೇ ಇದ್ರೂ "ಅಬ್ಬಾ, ದೊಡ್ಡ ಸತಿ ಸಾವಿತ್ರಿ!" ಯಾವ ಹೆಣ್ಣಿನ ಹೆಸರನ್ನೂ ನಮ್ಮ ಜನ ಇಷ್ಟು ಬೈಗುಳ ಮಾಡಿಲ್ಲ. ಸೀತೆಯನ್ನ ಅಯ್ಯೋ ಪಾಪ ಅಂತಾರೆ, ದ್ರೌಪದಿಗೆ ಹೆದರ್ತಾರೆ. ಸಾವಿತ್ರಿ ಅಂದ್ರೆ ವ್ಯಂಗ್ಯ.

ನಮ್ಮವರು 48ಕ್ಕೇ ಕಿಡ್ನಿ ಕಾಯಿಲೆಯಲ್ಲಿ ತೀರಿಕೊಂಡ್ರು. ಮೂರು ವರ್ಷ ಡಯಾಲಿಸಿಸ್, ವಾರಕ್ಕೆರಡು ಸಲ ನಾನೇ ಆಟೋದಲ್ಲಿ ಕರ್ಕೊಂಡು ಹೋಗ್ತಿದ್ದೆ. ಹದಿಮೂರನೇ ದಿನ ಊಟಕ್ಕೆ ಬಂದಿದ್ದ ಹತ್ತಿರದ ಹೆಂಗಸೊಬ್ಬರು, ನಾನು ಪಕ್ಕದ ಸಾಲಲ್ಲಿ ಪಲ್ಯ ಬಡಿಸ್ತಾ ಇದೀನಿ ಅಂತ ಗೊತ್ತಿದ್ದೂ, "ಹೆಸರಿಗೆ ಮಾತ್ರ ಸಾವಿತ್ರಿ" ಅಂದ್ರು. ನಾನು ಅವರ ಎಲೆಗೂ ಪಲ್ಯ ಬಡಿಸಿ ಮುಂದಕ್ಕೆ ಹೋದೆ. ಹುರುಳಿಕಾಯಿ ಪಲ್ಯ. ಇವತ್ತಿಗೂ ನಮ್ಮನೇಲಿ ನಾನು ಅದನ್ನ ಮಾಡಲ್ಲ.

ಇದನ್ನ ನಿಮ್ಮನ್ನ ಹೆದರಿಸೋಕೆ ಬರೆದಿದ್ದಲ್ಲ ಮಗಳೇ. ಕತೇನ ಸರಿಯಾಗಿ ಓದಿದ್ರೆ ಸಾವಿತ್ರಿ ಅಳುಬುರುಕಿ ಅಲ್ಲ. ಗಂಡನ್ನ ತಾನೇ ಹುಡುಕ್ಕೊಂಡ್ಲು. ಒಂದೇ ವರ್ಷ ಆಯಸ್ಸು ಅಂತ ನಾರದರು ಹೇಳಿದ್ರೂ ಬಿಡಲಿಲ್ಲ. ಯಮನ ಹತ್ರ ಲಾಯರ್ ಥರ ಮಾತಾಡಿದ್ಲು: ಮೊದಲು ಮಾವನಿಗೆ ಕಣ್ಣು, ಆಮೇಲೆ ರಾಜ್ಯ, ಆಮೇಲೆ ಅಪ್ಪನಿಗೆ ನೂರು ಮಕ್ಕಳು, ಕೊನೆಗೆ ತನಗೆ ನೂರು ಮಕ್ಕಳು. ಆತ ತಥಾಸ್ತು ಅಂದ, ಸಿಕ್ಕಿಬಿದ್ದ. ನಿಮ್ಮ ಮಗಳಿಗೆ ಈ ಕತೆ ಹೇಳಿ. ಸತಿ ಅನ್ನೋ ಬಾಲಾನ ಮಾತ್ರ ಯಾರಿಗೂ ಅಂಟಿಸೋಕೆ ಬಿಡಬೇಡಿ.

ಹೊಸ ಅಮ್ಮ:
ಅಮ್ಮಾ, ಏನು ಹೇಳಬೇಕೋ ಗೊತ್ತಾಗ್ತಿಲ್ಲ. ನಿಮ್ಮದನ್ನ ಅತ್ತೆಗೆ ಓದಿ ಹೇಳಿದೆ. ಅವರು ಕಣ್ಣೊರೆಸ್ಕೊಂಡು, "ಅವರಿಗೆ ನನ್ನ ನಮಸ್ಕಾರ ಹೇಳು" ಅಂದ್ರು.

ಹೊಸಪೇಟೆ ಸೊಸಿ:
ಅಜ್ಜಿ ಹೆಸರ ಇಡ್ತೀವಂದ್ರ ಇನ್ನೊಂದು ತ್ರಾಸ ಐತಿ ನೋಡ್ರಿ. ನನ್ನ ಮಗಳಿಗೆ ನಮ್ಮತ್ತಿ ಹೆಸರ ಇಟ್ಟೇವಿ. ನಮ್ಮಲ್ಲಿ ಸೊಸಿ ಅತ್ತಿ ಹೆಸರ ಹಿಡಿಯೂಹಂಗಿಲ್ಲ. ಮಗಳು ಕಿಡಗೇಡಿ ಮಾಡಿದ್ರ ಬೈಯಬೇಕಂದ್ರ ಏನಂತ ಬೈಯಲಿ? ಎದುರಿಗೆ ಅತ್ತಿ ಕುಂತಿರ್ತಾರ. ಅದಕ್ಕ 'ತಂಗೆವ್ವ' ಅಂತ ಮಾಡಿವಿ. ಅತ್ತಿ ಮನ್ಯಾಗ ಇಲ್ಲದಾಗ ಮಾತ್ರ ನಾ ಮಗಳಿಗೆ ಪೂರ್ತಿ ಹೆಸರ ಹಚ್ಚಿ ಬೈತೀನಿ. ಭಾಳ ಸಮಾಧಾನ ಆಕ್ಕತಿ.

ಫೇಡೆ ಪ್ರಿಯೆ, ಧಾರವಾಡ:
ಇದು ಈ ಹೊತ್ತಿನ ಬೆಸ್ಟ್ ಮಾತು 😄

ಹೊಸ ಅಮ್ಮ:
ಎಲ್ಲರಿಗೂ ಗುರುವಾರದ ವರದಿ. ನಾಮಕರಣ ಆಯ್ತು. ಆದ್ರೆ ನಡೆದದ್ದು ನಾನು ಅಂದ್ಕೊಂಡ ಹಾಗಲ್ಲ.

ಶೃಂಗೇರಿ ಕಡೆಯಿಂದ ನಮ್ಮ ಚಿಕ್ಕಜ್ಜಿ ಬಂದಿದ್ರು, ಅಜ್ಜಿಯ ಸ್ವಂತ ತಂಗಿ. ಎಂಬತ್ತೈದು ದಾಟಿದೆ, ಕಿವಿ ಮಂದ, ನೆನಪು ಮಾತ್ರ ಬೆಣಚುಕಲ್ಲು. ಹಿಂದಿನ ರಾತ್ರಿ ಅಡಿಗೆಮನೇಲಿ ಹೋಳಿಗೆ ಹೂರಣ ರುಬ್ತಾ ಇದ್ವಿ. "ಚಿಕ್ಕಜ್ಜಿ, ನೀವು ಚಿಕ್ಕವರಿದ್ದಾಗ ಅಜ್ಜೀನ ಏನಂತ ಕರೀತಿದ್ರಿ? ಸಾವಿತ್ರಿ ಅಂತ್ಲಾ, ಸಾವಿ ಅಂತ್ಲಾ?" ಅಂತ ಜೋರಾಗಿ ಕೇಳಿದೆ. ಅವರು ಹೂರಣದ ಉಂಡೆ ಕಟ್ತಾ ತಲೆ ಎತ್ತದೇ ಹೇಳಿದ್ರು: "ಯಾವ ಸಾವಿತ್ರಿ? ನಮ್ಮ ಅಕ್ಕನ ಹೆಸರು ತುಂಗಾ. ನಾವು ತುಂಗಿ ಅಂತಿದ್ದದ್ದು."

ನನಗೆ ಮೊದಲು ಅರ್ಥವೇ ಆಗ್ಲಿಲ್ಲ. ಆಮೇಲೆ ಬಿಡಿಸಿ ಹೇಳಿದ್ರು. ಹೊಳೆ ದಂಡೆ ಮೇಲಿನ ಮನೆ, ಹೆಣ್ಣು ಹುಟ್ಟಿತು, ತುಂಗಾ ಅಂತ ಇಟ್ರು. ಹದಿನೈದಕ್ಕೆ ಮದುವೆ. ಇಲ್ಲಿ ನೋಡಿದ್ರೆ ಅತ್ತೆಯ ಹೆಸರೂ ತುಂಗಮ್ಮ! ಒಂದು ಮನೇಲಿ ಇಬ್ಬರು ತುಂಗಮ್ಮ ಹೇಗಾಗುತ್ತೆ? ಮಾವ ಸೊಸೆಯನ್ನ ಕರೆದ್ರೆ ಹೆಂಡತೀನ ಕರೆದ ಹಾಗೆ. ಗಂಡ ಹೆಂಡತಿಯನ್ನ ಕರೆದ್ರೆ ತಾಯಿಯ ಹೆಸರು ಹಿಡಿದ ಹಾಗೆ. ಹಾಗಾಗಿ ಧಾರೆ ಆದ ಸಂಜೆ ತಟ್ಟೆಯಲ್ಲಿ ಅಕ್ಕಿ ಹರಡಿ, ಪುರೋಹಿತರು ಉಂಗುರದಲ್ಲಿ 'ಸಾವಿತ್ರಿ' ಅಂತ ಬರೆಸಿದ್ರಂತೆ. "ಅವಳಿಗೆ ಯಾರೂ ಕೇಳಲಿಲ್ಲ. ಎರಡು ದಿನ ಯಾರಾದ್ರೂ ಸಾವಿತ್ರೀ ಅಂತ ಕರೆದ್ರೆ ತಿರುಗಿಯೇ ನೋಡ್ತಿರಲಿಲ್ಲವಂತೆ. ಹೊಸ ಸೊಸೆಗೆ ಕಿವುಡು ಅಂತ ಊರಲ್ಲಿ ಸುದ್ದಿ ಆಗಿತ್ತು" ಅಂದ್ರು ಚಿಕ್ಕಜ್ಜಿ.

ನನ್ನ ಅಪ್ಪನಿಗೇ ಇದು ಗೊತ್ತಿರಲಿಲ್ಲ. ಎಪ್ಪತ್ತು ವರ್ಷ ತಾಯಿ ಜೊತೆ ಇದ್ದವರು! ಅಪ್ಪ ಎದ್ದು ಹೋಗಿ ಟ್ರಂಕಿನಿಂದ ಅಜ್ಜಿಯ ಹಳೇ ಪೋಸ್ಟಾಫೀಸ್ ಪಾಸ್‌ಬುಕ್ ತಂದ್ರು. ಅದರಲ್ಲಿ ಅಜ್ಜಿಯ ಸಹಿ, 'ಸಾವಿತ್ರಮ್ಮ', ಆ ಒತ್ತಕ್ಷರಗಳನ್ನ ಒಂದೊಂದಾಗಿ ಕಷ್ಟಪಟ್ಟು ಕೂರಿಸಿದ್ದಾರೆ. ಅಪ್ಪ ಅದನ್ನ ಬೆರಳಲ್ಲಿ ಸವರುತ್ತಾ ತುಂಬ ಹೊತ್ತು ಕೂತಿದ್ರು. ರಾತ್ರಿ ಮಲಗೋ ಮುಂಚೆ, "ಬರೆಯೋದು ಸಾವಿತ್ರಿ ಅಂತ್ಲೇ ಇರಲಿ. ಅಮ್ಮ ಆ ಹೆಸರಲ್ಲೇ ಬಾಳಿದ್ದು" ಅಂದ್ರು.

ಬೆಳಗ್ಗೆ ಅಕ್ಕಿ ಮೇಲೆ ಸಾವಿತ್ರಿ ಅಂತ ಬರೆದಾಯ್ತು. ಮಗುವಿನ ಕಿವೀಲಿ ಮೂರು ಸಲ ಹೇಳಿಯೂ ಆಯ್ತು. ತೊಟ್ಟಿಲಿಗೆ ಹಾಕಿ ತೂಗೋವಾಗ ಚಿಕ್ಕಜ್ಜಿ ಬಗ್ಗಿ, ಅಭ್ಯಾಸಬಲವೋ ಬೇಕಂತಲೋ, "ತುಂಗೀ" ಅಂದ್ರು. ನಮ್ಮತ್ತೆ ತಕ್ಷಣ ಹಿಡ್ಕೊಂಡ್ಬಿಟ್ರು. ಸಂಜೆಯೊಳಗೆ ಮನೆ ತುಂಬ ತುಂಗಿ.

ವ್ಯಾಕರಣದ ಮೇಷ್ಟ್ರು:
ಅಂದರೆ ಸಾವಿತ್ರಿಯ ಹ್ರಸ್ವರೂಪ ತುಂಗಿ. ನನ್ನ ನಿಯಮ ವಾಪಸ್ ತೆಗೆದುಕೊಂಡಿದ್ದೇನೆ.

ನಾನೂ ಸಾವಿತ್ರಿ:
ತಿರುಗಿ ನೋಡದೇ ಇದ್ದ ಆ ಎರಡು ದಿನ ನನಗೆ ಬಹಳ ಹಿಡಿಸಿತು. ಕೂಸಿಗೆ ಈ ತಾತಿ ಅಜ್ಜಿಯ ಆಶೀರ್ವಾದ.

ಸಂಸ್ಕೃತ ಪ್ರೇಮಿ:
ಗಂಗಾ ಸ್ನಾನ, ತುಂಗಾ ಪಾನ. ಶುಭವಾಗಲಿ.

ಮಂಡ್ಯದ ಬೆಲ್ಲ:
ಎಲ್ಲ ಸರಿ ಕಣಕ್ಕ, ಒಂದ್ ಮಾತು ಹೇಳ್ಬುಡ್ತೀನಿ. ತುಂಗೆ ಅಂತ ಒಂದು ಕಳೆ ಅದೆ, ಗೆಡ್ಡೆ ಬಿಡ್ತದೆ. ನಮ್ ಗದ್ದೆ ಬದೀನಲ್ಲಿ ಕಿತ್ತಷ್ಟೂ ಬತ್ತದೆ, ಏನ್ ಮಾಡಿದ್ರೂ ಸಾಯಲ್ಲ.

ಹೊಸ ಅಮ್ಮ:
ಅತ್ತೆಗೆ ಇದನ್ನ ಓದಿ ಹೇಳಿದೆ. "ಸಾಯಲ್ವಂತಾ? ಹಂಗಾದ್ರೆ ಅದೇ ಇರಲಿ" ಅಂದ್ರು. ಈಗ ಮತ್ತೆ ಎಣ್ಣೆ ಹಚ್ತಾ ಇದಾರೆ.